ಟೆಂಡರ್ ಕೆಲಸದಲ್ಲಿ ಬೆಲೆ ಹೊಂದಾಣಿಕೆ: ಅಂಗಡಿ ಬಿಲ್ಲು ಯಾಕೆ ನಡೆಯೋದಿಲ್ಲ, ಲೆಕ್ಕ ಎಲ್ಲಿ ತಪ್ಪುತ್ತದೆ

ಜಮಖಂಡಿ_ಸಿವಿಲ್

ಸರ್ಕಾರಿ ಕಟ್ಟಡದ ಕೆಲಸ, ಕರಾರಿನ ಅವಧಿ 18 ತಿಂಗಳು, ಬೆಲೆ ಹೊಂದಾಣಿಕೆ ಷರತ್ತು (ಸಾಮಗ್ರಿ, ಕೂಲಿ ದರ ಏರಿಳಿದಂಗ ಬಿಲ್ಲೂ ಏರಿಳಿಯೂ ಷರತ್ತು) ಐತಿ. ಈ ತ್ರೈಮಾಸಿಕದಾಗ ಎಂ.ಬಿ.ಗೆ (ಅಳತೆ ಪುಸ್ತಕಕ್ಕ) ಏರಿದ ಕೆಲಸ 80 ಲಕ್ಷ. ಟೆಂಡರ್ ಹಾಕುವಾಗ ಕಬ್ಬಿಣ ಟನ್ನಿಗೆ 60,000 ಇತ್ತು, ಈಗ 69,000. 24 ಟನ್ ಬಿದ್ದೈತಿ, ಅಂದ್ರ 2,16,000 ರೂಪಾಯಿ ಹೆಚ್ಚಿಗೆ ಹೋಗೈತಿ. ಅಂಗಡಿ ಬಿಲ್ಲು ಜೋಡಿಸಿ ಕೇಳಿದ್ರ, "ಬಿಲ್ಲಿನ ಮ್ಯಾಲೆ ಕೊಡಾಕ ಬರೂದಿಲ್ಲ, ಸೂಚ್ಯಂಕದ ತಃಖ್ತೆ (ಲೆಕ್ಕದ ಪಟ್ಟಿ) ಮಾಡ್ಕೊಂಡು ಬರ್ರಿ" ಅಂತ ಫೈಲ್ ವಾಪಸ್ ಬಂದೈತಿ. ಹೀಂಗ ಯಾಕ? ಸೂಚ್ಯಂಕ ಹಿಡಿದ್ರ ಕಮ್ಮಿ ಬರತೈತೋ, ಹೆಚ್ಚು ಬರತೈತೋ? ಉಸುಕು, ಖಡಿ ಎರಡೂ ತುಟ್ಟಿ ಆಗ್ಯಾವ, ಅವನ್ನ ಎಲ್ಲಿ ಹಾಕೂದು? ಗೊತ್ತಿದ್ದವರು ಅಂಕಿ ಸಮೇತ ಹೇಳ್ರಿ.

ಕ್ಯೂಎಸ್_ಬೆಳಗಾವಿ

ಫೈಲ್ ವಾಪಸ್ ಬಂದದ್ದು ಸರಿಯೇ ಇದೆ ಸರ್. ನಿಮ್ಮ ಷರತ್ತು ಸೂತ್ರದ್ದಾಗಿದ್ದರೆ ನೀವು ಎಷ್ಟಕ್ಕೆ ಕೊಂಡಿರಿ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ. ಟನ್ನಿಗೆ 69,000 ಕೊಟ್ಟರೂ ಅಷ್ಟೇ, ಚೌಕಾಸಿ ಮಾಡಿ 64,000ಕ್ಕೆ ತಂದರೂ ಅಷ್ಟೇ. ಸರ್ಕಾರ ಪ್ರಕಟಿಸುವ ಬೆಲೆ ಸೂಚ್ಯಂಕ ಎಷ್ಟು ಏರಿತೋ ಅಷ್ಟರ ಮೇಲೆ ಹಣ.

ಸೂತ್ರ ಪ್ರತಿ ಘಟಕಕ್ಕೂ ಒಂದೇ ರೀತಿ: 0.85 × ಆ ಘಟಕದ ಶೇಕಡಾ ಪಾಲು × ತ್ರೈಮಾಸಿಕದ ಕೆಲಸದ ಮೌಲ್ಯ × (ಈಗಿನ ಸೂಚ್ಯಂಕ − ಮೂಲ ಸೂಚ್ಯಂಕ) ÷ ಮೂಲ ಸೂಚ್ಯಂಕ. 0.85 ಎಂದರೆ ಕೆಲಸದ ಮೌಲ್ಯದಲ್ಲಿ ಶೇ. 15ರಷ್ಟು ಭಾಗ, ಅಂದರೆ ಲಾಭ, ಮೇಲ್ವೆಚ್ಚದಂಥದ್ದು, ಹೊಂದಾಣಿಕೆಗೆ ಬರುವುದಿಲ್ಲ ಅಂತ. ಎಲ್ಲ ಘಟಕಗಳ ಪಾಲು ಕೂಡಿದರೆ 100 ಆಗಬೇಕು.

ನಿಮ್ಮ 80 ಲಕ್ಷಕ್ಕೆ ಮಾಡಿ ತೋರಿಸುತ್ತೇನೆ. ಪಾಲು ಮತ್ತು ಸೂಚ್ಯಂಕ ಎರಡೂ ಲೆಕ್ಕಕ್ಕಾಗಿ ಹಿಡಿದ ಅಂಕಿ. ನಿಮ್ಮ ಟೆಂಡರ್ ಪುಟದಲ್ಲಿ ಇರುವುದನ್ನು ಹಾಕಿಕೊಳ್ಳಿ.

ಕೂಲಿ ಶೇ. 20, ಸೂಚ್ಯಂಕ 130ರಿಂದ 137.8: ಏರಿಕೆ ಶೇ. 6, ಬರುವುದು 81,600.
ಸಿಮೆಂಟ್ ಶೇ. 15, ಸೂಚ್ಯಂಕ 125ರಿಂದ 120: ಇಳಿಕೆ ಶೇ. 4, ಕಳೆಯುವುದು 40,800.
ಕಬ್ಬಿಣ ಶೇ. 20, ಸೂಚ್ಯಂಕ 120ರಿಂದ 138: ಏರಿಕೆ ಶೇ. 15, ಬರುವುದು 2,04,000.
ಡೀಸೆಲ್, ಎಣ್ಣೆ ಶೇ. 5, ದರ 85ರಿಂದ 87.55: ಏರಿಕೆ ಶೇ. 3, ಬರುವುದು 10,200.
ಯಂತ್ರೋಪಕರಣ ಶೇ. 5, ಸೂಚ್ಯಂಕ 125ರಿಂದ 127.5: ಏರಿಕೆ ಶೇ. 2, ಬರುವುದು 6,800.
ಇತರ ಸಾಮಗ್ರಿ ಶೇ. 35, ಸೂಚ್ಯಂಕ 150ರಿಂದ 153: ಏರಿಕೆ ಶೇ. 2, ಬರುವುದು 47,600.

ಒಟ್ಟು 3,09,400. ನೀವು ಕೇಳಿದ್ದು ಕಬ್ಬಿಣದ 2,16,000 ಮಾತ್ರ. ಆದರೆ ಒಂದು ಮಾತು ನೆನಪಿರಲಿ: ಈ ಷರತ್ತಿನಲ್ಲಿ ಏರಿದ್ದನ್ನು ಮಾತ್ರ ಆರಿಸಿಕೊಳ್ಳುವ ಹಾಗಿಲ್ಲ. ಸಿಮೆಂಟ್ ಇಳಿದಿದ್ದರೆ ಅದನ್ನೂ ತಃಖ್ತೆಯಲ್ಲಿ ತೋರಿಸಲೇಬೇಕು.

ಇನ್ನು ಕೇಂದ್ರ ಲೋಕೋಪಯೋಗಿ ಇಲಾಖೆಯ (ಸಿಪಿಡಬ್ಲ್ಯುಡಿ) ಕರಾರಿನ 10ಸಿಎ ತರಹದ ಷರತ್ತು ಬೇರೆ. ಅಲ್ಲಿ ಹೆಸರಿಸಿದ ಸಾಮಗ್ರಿಗೆ, ಅಂದರೆ ಸಿಮೆಂಟ್, ಕಬ್ಬಿಣಕ್ಕೆ, ಪರಿಮಾಣ ಹಿಡಿದೇ ಲೆಕ್ಕ: ಇಲಾಖೆ ನಮೂದಿಸಿದ ಮೂಲ ದರ × ಸೈಟಿಗೆ ಬಂದ ಪರಿಮಾಣ × ಸೂಚ್ಯಂಕದ ಏರಿಕೆ. ಮೂಲ ದರ 55,000 ಅಂತ ಪಟ್ಟಿಯಲ್ಲಿದ್ದರೆ 55,000 × 24 × 0.15, ಅಂದರೆ 1,98,000. ಅಲ್ಲೂ ನಿಮ್ಮ 60,000ದ ಖರೀದಿ ದರ ಬರುವುದಿಲ್ಲ, ಪಟ್ಟಿಯ ದರವೇ. ಹಾಗಾಗಿ ಮೊದಲು ಮಾಡಬೇಕಾದ್ದು ನಿಮ್ಮದು ಯಾವ ತರಹದ ಷರತ್ತು ಅಂತ ಓದಿ ನೋಡುವುದು.

ಬಿಲ್_ಶಾಖೆ_ವಿಜಯಪುರ

ಮೇಲಿನ ಲೆಕ್ಕ ಸರಿ ಐತ್ರಿ. ಕಚೇರಿ ಕಡೆಯಿಂದ ಏನೇನು ನೋಡ್ತಾರ ಅಂತ ಹೇಳ್ತೀನಿ, ಯಾಕಂದ್ರ ಫೈಲ್ ನಿಲ್ಲೂದು ಸೂತ್ರದಾಗ ಅಲ್ಲ, ದಿನಾಂಕದಾಗ.

ಮೊದಲನೆಯದು ಮೂಲ ದಿನಾಂಕ. ಕೆಲವು ಕರಾರಿನಲ್ಲಿ ಟೆಂಡರ್ ತೆರೆದ ದಿನಕ್ಕಿಂತ 28 ದಿನ ಹಿಂದಿನದು, ಕೆಲವದರಲ್ಲಿ ಬಿಡ್ ಸಲ್ಲಿಸಲು ಕೊನೆಯ ದಿನದ್ದು. ಒಂದೇ ತಿಂಗಳ ವ್ಯತ್ಯಾಸ ಅಂತ ಸಡಿಲ ಬಿಡಬ್ಯಾಡ್ರಿ. ಮೂಲ ಸೂಚ್ಯಂಕ ಎರಡು ಅಂಕ ತಪ್ಪಿದರೆ ಆ ತಪ್ಪು ಕೊನೆಯ ಬಿಲ್ಲಿನ ತನಕ ಪ್ರತಿ ತ್ರೈಮಾಸಿಕಕ್ಕೂ ಬರತೈತಿ. ಲೆಕ್ಕಪರಿಶೋಧನೆಯವರು ಎರಡು ವರ್ಷದ ಮ್ಯಾಲೆ ಹಿಡಿದಾಗ ಪೂರಾ ವಸೂಲಿ. ಟೆಂಡರ್ ಸಿಂಧುತ್ವ ವಿಸ್ತರಿಸಿ, ಕಾರ್ಯಾದೇಶ ಐದು ತಿಂಗಳು ತಡವಾಗಿ ಬಂದಿದ್ದರೂ ಮೂಲ ದಿನಾಂಕ ಸರಿಯೂದಿಲ್ಲ. ಕಾರ್ಯಾದೇಶದ ದಿನಾಂಕ ಹಿಡಿದು ತಃಖ್ತೆ ಮಾಡಿ ತಮ್ಮ ಹಣ ತಾವೇ ಬಿಟ್ಟವರು ಭಾಳ ಮಂದಿ ಅದಾರ.

ಎರಡನೆಯದು ಕೆಲಸ ಆದ ತ್ರೈಮಾಸಿಕ. ಬಿಲ್ ಪಾಸಾದ ದಿನ ಅಲ್ಲ, ಹಣ ಬಂದ ದಿನ ಅಂತೂ ಅಲ್ಲವೇ ಅಲ್ಲ. ಎಂ.ಬಿ.ಯಲ್ಲಿ ಅಳತೆ ಬರೆದ ದಿನಾಂಕವೇ ಸಾಕ್ಷಿ. ಜನವರಿಯಿಂದ ಜೂನ್ ತನಕ ಆದ ಕೆಲಸ ಜೂನ್ ಕೊನೆಗೆ ಒಂದೇ ಸಲ ಅಳತೆ ಮಾಡಿದರೆ ಎರಡು ತ್ರೈಮಾಸಿಕದ ಕೆಲಸ ಒಂದಕ್ಕೇ ಬೀಳತೈತಿ. ಸೂಚ್ಯಂಕ ಇಳಿಮುಖ ಇದ್ದಾಗ ಇದರಿಂದ ಗುತ್ತಿಗೆದಾರನಿಗೆ ಲುಕ್ಸಾನು, ಏರುಮುಖ ಇದ್ದಾಗ ಇಲಾಖೆಗೆ. ಮಾರ್ಚ್ 31, ಜೂನ್ 30, ಸೆಪ್ಟೆಂಬರ್ 30, ಡಿಸೆಂಬರ್ 31ರ ಒಳಗ ಅಳತೆ ಮುಗಿಸುವಂತೆ ಜೆಇ (ಕಿರಿಯ ಎಂಜಿನಿಯರ್) ಸಾಹೇಬ್ರಿಗೆ ಒಂದು ವಾರ ಮೊದಲೇ ಪತ್ರ ಕೊಡ್ರಿ, ಸ್ವೀಕೃತಿ ಇಟ್ಕೊಳ್ರಿ.

ತಃಖ್ತೆ ಜೊತೆ ಇಷ್ಟು ಇರಲಿ: ಷರತ್ತು ಮತ್ತು ಶೇಕಡಾ ಪಾಲಿನ ಟೆಂಡರ್ ಪುಟದ ಪ್ರತಿ, ಮೂಲ ತಿಂಗಳ ಮತ್ತು ತ್ರೈಮಾಸಿಕದ ಮೂರೂ ತಿಂಗಳ ಸೂಚ್ಯಂಕದ ಮುದ್ರಿತ ಪ್ರತಿ, ಎಂ.ಬಿ. ಪುಟ ಸಂಖ್ಯೆ, ಅವಧಿ ವಿಸ್ತರಣೆ ಆಗಿದ್ದರೆ ಆ ಆದೇಶ. ಮೂರು ತಿಂಗಳ ಸರಾಸರಿ ಅಂತ ಷರತ್ತು ಹೇಳಿದ್ದರೆ ಸರಾಸರಿಯನ್ನೇ ಹಾಕ್ರಿ, ಮಧ್ಯದ ತಿಂಗಳ ಅಂಕಿ ಅಲ್ಲ.

ಎರೆಭೂಮಿ

ಉಸುಕು ಖಡಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಸಿಂದಗಿ, ಇಂಡಿ ಕಡೆ ಖಡಿಗಿಂತ ಖಡಿ ತರೋ ಬಾಡಿಗೀನೇ ಹೆಚ್ಚು. ಎಂ-ಸ್ಯಾಂಡ್ ಒಂದು ಬ್ರಾಸಿಗೆ (100 ಘನ ಅಡಿಗೆ) 500 ರೂಪಾಯಿ ಏರಿದ್ರ ಯಾವ ಸೂಚ್ಯಂಕ ಹಿಡಿಯೂದು?

ಕ್ಯೂಎಸ್_ಬೆಳಗಾವಿ

ಸೂತ್ರದಲ್ಲಿ ಅದಕ್ಕೆ ಪ್ರತ್ಯೇಕ ಸೂಚ್ಯಂಕ ಇಲ್ಲ ಸರ್. ಉಸುಕು, ಖಡಿ, ಇಟ್ಟಿಗೆ, ಟೈಲ್ಸ್, ಬಣ್ಣ, ಎಲ್ಲವೂ "ಇತರ ಸಾಮಗ್ರಿ" ಎಂಬ ಒಂದೇ ಗೂಡಿನೊಳಗೆ. ಅದಕ್ಕೆ ಹೆಚ್ಚಾಗಿ ಎಲ್ಲ ಸರಕುಗಳ ಸಗಟು ಸೂಚ್ಯಂಕ ಹಿಡಿಯುತ್ತಾರೆ. ಅದರೊಳಗೆ ತರಕಾರಿ, ಕಚ್ಚಾ ತೈಲ, ಬಟ್ಟೆ, ಔಷಧಿ ಎಲ್ಲ ಇವೆ. ನಿಮ್ಮ ಹತ್ತಿರದ ಕ್ರಷರ್ ದರ ಶೇ. 20 ಏರಿದರೂ ಆ ಸೂಚ್ಯಂಕ ಅಲುಗದೇ ಇರಬಹುದು.

ಷರತ್ತಿನ ಕೊನೆಗೆ ಒಂದು ಸಾಲು ಇರುತ್ತದೆ, ಅದನ್ನು ಓದದೇ ಟೆಂಡರ್ ಹಾಕಬಾರದು: ಈ ಸೂತ್ರದಿಂದ ಪೂರ್ತಿ ಭರಿಸಲಾಗದ ಏರಿಳಿತವು ಗುತ್ತಿಗೆದಾರ ನಮೂದಿಸಿದ ದರದಲ್ಲೇ ಸೇರಿದೆ ಎಂದು ಭಾವಿಸತಕ್ಕದ್ದು. ಈ ಸಾಲು ಇದ್ದ ಮೇಲೆ ಕ್ವಾರಿ ಬಿಲ್ಲು ಇಟ್ಟು ಹೆಚ್ಚುವರಿ ಕೇಳುವ ದಾರಿ ಮುಚ್ಚಿತು. ಸಾಗಣೆ ದೂರದ ಸಂಗತಿಯೂ ಹಾಗೇ. ಅಂದಾಜುಪಟ್ಟಿಯಲ್ಲಿ 18 ಕಿ.ಮೀ. ಲೀಡ್ ತೋರಿಸಿ, ಆ ಕ್ವಾರಿ ಮುಚ್ಚಿ 42 ಕಿ.ಮೀ. ದೂರದಿಂದ ತಂದರೂ ಅದು ಬೆಲೆ ಹೊಂದಾಣಿಕೆ ಅಲ್ಲ. ಕ್ವಾರಿಯನ್ನು ಇಲಾಖೆಯೇ ಗೊತ್ತುಪಡಿಸಿ, ಕರಾರಿನಲ್ಲಿ ಬರೆದು, ಆಮೇಲೆ ತಾನೇ ಬದಲಿಸಲು ಹೇಳಿದ್ದರೆ ಮಾತ್ರ ವ್ಯತ್ಯಾಸದ ಐಟಂ ಆಗಿ ಕೇಳಬಹುದು.

ಅದಕ್ಕೇ ಟೆಂಡರ್ ಹಾಕುವ ಮೊದಲು ಪಾಲಿನ ಪಟ್ಟಿಯನ್ನೂ ನಿಮ್ಮ ನಿಜವಾದ ಪರಿಮಾಣವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಮೇಲಿನ ಉದಾಹರಣೆಯಲ್ಲಿ ಕಬ್ಬಿಣದ ಪಾಲು 20. ಕಟ್ಟಡದ ನಕ್ಷೆ ನೋಡಿ ಲೆಕ್ಕ ಹಾಕಿದರೆ ನಿಜಕ್ಕೂ 28 ಬರುತ್ತದೆ ಅನ್ನಿ. ಪಾಲು 28 ಇದ್ದಿದ್ದರೆ ಕಬ್ಬಿಣಕ್ಕೆ ಬರುತ್ತಿದ್ದುದು 2,85,600. ಪಟ್ಟಿಯ ಪ್ರಕಾರ ಸಿಗುವುದು 2,04,000. ಒಂದೇ ತ್ರೈಮಾಸಿಕದಲ್ಲಿ 81,600 ಕೈಬಿಟ್ಟಿತು. ಎರೆಭೂಮಿಯಲ್ಲಿ ಈ ಅಂತರ ಇನ್ನೂ ಹೆಚ್ಚಾಗುತ್ತದೆ, ಯಾಕೆಂದರೆ ಅಡಿಪಾಯದ ತೊಲೆ, ರಾಫ್ಟ್, ಪೈಲ್ ಅಂತ ಕಬ್ಬಿಣ ನೆಲದೊಳಗೇ ಹೋಗುತ್ತದೆ. ಪಾಲಿನ ಪಟ್ಟಿಯೋ ಎಲ್ಲ ಕಟ್ಟಡಕ್ಕೂ ಒಂದೇ ಅಂತ ಹಾಕಿರುತ್ತಾರೆ. ಪ್ರಶ್ನೆ ಎತ್ತುವ ಹೊತ್ತು ಬಿಡ್ ಪೂರ್ವ ಸಭೆ. ಕರಾರಿಗೆ ಸಹಿ ಬಿದ್ದ ಮೇಲೆ ಅದನ್ನು ಯಾರೂ ತಿದ್ದುವುದಿಲ್ಲ.

ಬಿಲ್_ಶಾಖೆ_ವಿಜಯಪುರ

ರಾಜಧನದ (ರಾಯಲ್ಟಿ) ಬಗ್ಗೆ ಒಂದು ಮಾತು ಸೇರಿಸ್ತೀನ್ರಿ. ಉಪಖನಿಜದ ರಾಜಧನ ಸರ್ಕಾರ ಏರಿಸಿದರೆ ಅದು ಮಾರುಕಟ್ಟೆ ಏರಿಕೆ ಅಲ್ಲ, ಶಾಸನಬದ್ಧ ಬದಲಾವಣೆ. ಕರಾರಿನಲ್ಲಿ ತೆರಿಗೆ ಮತ್ತು ಶುಲ್ಕ ಬದಲಾವಣೆಯ ಬೇರೆ ಷರತ್ತು ಇದ್ದರೆ ಅದರ ಕೆಳಗೆ ಕೇಳಬೇಕು. ಸಾಗಣೆ ಪರವಾನಗಿ ಪ್ರತಿ ಇಲ್ಲದ ಖಡಿಗೆ ಬಿಲ್ಲಿನಲ್ಲಿ ರಾಜಧನ ಕಡಿತ ಆಗತೈತಿ. ಆ ಕಡಿತವನ್ನ ಬೆಲೆ ಏರಿಕೆ ಅಂತ ತೋರಿಸಿದರೆ ಆ ಪುಟ ಹರಿದಂಗ.

ಆಲಮಟ್ಟಿ_ಬಲದಂಡೆ

ಸೂಚ್ಯಂಕ ಎಲ್ಲಿಂದ ತೆಗೆಯಬೇಕು ಅನ್ನುವುದನ್ನು ಸ್ಪಷ್ಟ ಮಾಡೋಣ, ಇದರಲ್ಲೇ ದೊಡ್ಡ ತಪ್ಪುಗಳು ಆಗುತ್ತವೆ.

ಸಗಟು ಬೆಲೆ ಸೂಚ್ಯಂಕ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಆರ್ಥಿಕ ಸಲಹೆಗಾರರ ಕಚೇರಿಯದು. 2011-12 ಅನ್ನು 100 ಎಂದು ಹಿಡಿದ ಸರಣಿ 2017ರ ಮೇ ತಿಂಗಳಲ್ಲಿ ಬಂತು. ಕೂಲಿಗೆ ಕಾರ್ಮಿಕ ಬ್ಯೂರೋದ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಅಖಿಲ ಭಾರತದ್ದೋ, ಹತ್ತಿರದ ಕೇಂದ್ರದ್ದೋ ಎಂದು ಕರಾರೇ ಹೇಳುತ್ತದೆ. ಒಂದು ಬಿಲ್ಲಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಹಾಕಬಾರದು.

ಕೂಲಿ ಸೂಚ್ಯಂಕದ ಸರಣಿ 2020ರ ಸೆಪ್ಟೆಂಬರಿನಿಂದ 2001ರ ಬದಲು 2016ಕ್ಕೆ ಬದಲಾಯಿತು, ಜೋಡಣೆ ಅಂಶ (ಹೊಸ ಸರಣಿಯ ಅಂಕಿಯನ್ನು ಹಳೆಯದಕ್ಕೆ ತರಲು ಗುಣಿಸುವ ಸಂಖ್ಯೆ) 2.88. ಹಳೆಯ ಕರಾರಿನ ಮೂಲ ಸೂಚ್ಯಂಕ 2001ರ ಸರಣಿಯಲ್ಲಿ 320 ಇದ್ದು, ಈಗಿನದು 2016ರ ಸರಣಿಯಲ್ಲಿ 120 ಇದ್ದರೆ, ನೇರವಾಗಿ ಕಳೆದವರಿಗೆ ಕೂಲಿ ಶೇ. 62.5ರಷ್ಟು ಇಳಿದ ಹಾಗೆ ಕಾಣುತ್ತದೆ. 120 × 2.88 ಅಂದರೆ 345.6. ಏರಿಕೆ ನಿಜಕ್ಕೂ ಶೇ. 8. ಬಹಳ ಎಳೆದುಕೊಂಡು ಬಂದ ಕಾಲುವೆ ಕೆಲಸಗಳ ಅಂತಿಮ ಬಿಲ್ಲಿನಲ್ಲಿ ಇದು ಈಗಲೂ ಬರುತ್ತದೆ. ಸಗಟು ಸೂಚ್ಯಂಕಕ್ಕೂ ಜೋಡಣೆ ಬೇಕು: ಎಲ್ಲ ಸರಕುಗಳಿಗೆ 2004-05ರಿಂದ 2011-12ಕ್ಕೆ 1.561. ಸಿಮೆಂಟಿಗೂ ಕಬ್ಬಿಣಕ್ಕೂ ಇದೇ 1.561 ಹಾಕಬೇಡಿ, ಗುಂಪುಗಳ ಜೋಡಣೆ ಅಂಶ ಬೇರೆ ಬೇರೆ.

ಮತ್ತೆ, ಸಗಟು ಸೂಚ್ಯಂಕ ಮೊದಲು ತಾತ್ಕಾಲಿಕವಾಗಿ ಬರುತ್ತದೆ, 10 ವಾರದ ನಂತರ ಅಂತಿಮ. ತಾತ್ಕಾಲಿಕ ಅಂಕಿಯ ಮೇಲೆ ಬಿಲ್ ಕೊಟ್ಟರೆ ತಃಖ್ತೆಯ ತಲೆಯಲ್ಲೇ "ತಾತ್ಕಾಲಿಕ, ಅಂತಿಮ ಸೂಚ್ಯಂಕಕ್ಕೆ ಒಳಪಟ್ಟು" ಎಂದು ಬರೆದು, ಮುಂದಿನ ಬಿಲ್ಲಿನಲ್ಲಿ ವ್ಯತ್ಯಾಸ ಹೊಂದಿಸಿ.

ವಕೀಲ_ಧಾರವಾಡಪೀಠ

ಎಲ್ಲರೂ ಸೂತ್ರದ ಬಗ್ಗೆ ಬರೆದಿದ್ದೀರಿ. ನ್ಯಾಯಾಲಯದ ತನಕ ಬರುವ ತಂಟೆಗಳು ಹೆಚ್ಚಾಗಿ ಅವಧಿ ವಿಸ್ತರಣೆಯ ಪತ್ರದ್ದು. ಅದನ್ನು ವಿವರವಾಗಿ ಹೇಳುತ್ತೇನೆ.

ಹೊಂದಾಣಿಕೆ ಸಿಗುವುದು ಮೂಲ ಅವಧಿಗೆ ಮತ್ತು ಸರಿಯಾದ ಕಾರಣಕ್ಕೆ ವಿಸ್ತರಿಸಿದ ಅವಧಿಗೆ. ಗುತ್ತಿಗೆದಾರನ ತಪ್ಪಿನಿಂದ ತಡವಾದ ಅವಧಿಯ ಕೆಲಸಕ್ಕೆ ಕೆಲವು ಕರಾರುಗಳಲ್ಲಿ ಏನೂ ಇಲ್ಲ, ಕೆಲವದರಲ್ಲಿ ಮೂಲ ಅವಧಿಯ ಸೂಚ್ಯಂಕಕ್ಕೇ ಕಟ್ಟಿಹಾಕುತ್ತಾರೆ. ಆದ್ದರಿಂದ ತಡ ಯಾರಿಂದ ಆಯಿತು ಎಂಬುದೇ ಹಣದ ಪ್ರಶ್ನೆ.

ನಮ್ಮ ಕಡೆಯ ಜಿಲ್ಲೆಗಳಲ್ಲಿ ತಡದ ಕಾರಣಗಳು ಗೊತ್ತಿರುವವೇ. ಕಾಲುವೆಯ ಜಾಡಿನಲ್ಲಿ ಭೂಸ್ವಾಧೀನ ಮುಗಿದಿಲ್ಲ, ಜಮೀನಿನಲ್ಲಿ ಕಬ್ಬು ನಿಂತಿದೆ. ಹೆಸ್ಕಾಂ ವಿದ್ಯುತ್ ಕಂಬ ಸರಿಸಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಬಂದ್ ಆಗುವ ತನಕ ಲೈನಿಂಗ್ ಮಾಡುವಂತಿಲ್ಲ. ನಕ್ಷೆ ಮಂಜೂರಾಗಿಲ್ಲ. ಇವು ಇಲಾಖೆಯ ಕಡೆಯ ಕಾರಣಗಳು. ಖಾನಾಪುರ ಕಡೆಯ ಮಳೆಗಾಲ ಹಾಗಲ್ಲ. ಅಲ್ಲಿ ಜೂನ್‌ನಿಂದ ಮಳೆ ಹಿಡಿಯುತ್ತದೆಂದು ಟೆಂಡರ್ ಹಾಕುವವನಿಗೆ ಗೊತ್ತಿರಬೇಕು ಎನ್ನುತ್ತಾರೆ.

ಪ್ರತಿ ಅಡಚಣೆಗೂ ಅದು ಶುರುವಾದ ವಾರದೊಳಗೆ ಪತ್ರ. ಸರಪಳಿ ಸಂಖ್ಯೆ (ಕಾಲುವೆ, ರಸ್ತೆಯ ಉದ್ದಕ್ಕೂ ದೂರದ ಗುರುತು) ಎಷ್ಟರಿಂದ ಎಷ್ಟು, ಯಾವ ದಿನದಿಂದ, ಯಾವ ಯಂತ್ರ ಎಷ್ಟು ದಿನ ಸುಮ್ಮನೆ ನಿಂತಿತು. ಅಡಚಣೆ ದಾಖಲೆ ಪುಸ್ತಕದಲ್ಲಿ ಎರಡೂ ಕಡೆಯ ಸಹಿ. ಅಡಚಣೆ ಹೋದ ದಿನ ಇನ್ನೊಂದು ಪತ್ರ. ಎರಡನೆಯ ಪತ್ರ ಬರೆಯದೇ ಬಿಡುವುದು ಬಹಳ. ಆಗ ಅಡಚಣೆ ಎಂದು ಮುಗಿಯಿತು ಎಂಬುದಕ್ಕೆ ಇಲಾಖೆ ಹೇಳಿದ್ದೇ ದಿನ.

ಈಗ ಮುಖ್ಯ ವಿಷಯ. ವಿಸ್ತರಣೆ ಕೊಡುವಾಗ "ಹೆಚ್ಚುವರಿ ಹಣ ಕೇಳುವುದಿಲ್ಲ" ಎಂಬ ಮುಚ್ಚಳಿಕೆಗೆ ಸಹಿ ಕೇಳುತ್ತಾರೆ. ಸಹಿ ಹಾಕಿದರೆ ಆಮೇಲೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಭಾರತೀಯ ಕರಾರು ಅಧಿನಿಯಮ 1872ರ 55ನೇ ಸೆಕ್ಷನ್ನಿನ ಕೊನೆಯ ಭಾಗ ಹೇಳುವುದೇನೆಂದರೆ, ಒಪ್ಪಿದ ಕಾಲಕ್ಕೆ ಆಗದ ಕೆಲಸವನ್ನು ಬೇರೆ ಕಾಲಕ್ಕೆ ಒಪ್ಪಿಕೊಂಡವರು, ಒಪ್ಪಿಕೊಳ್ಳುವ ಹೊತ್ತಿಗೇ ನೋಟಿಸ್ ಕೊಟ್ಟಿರದಿದ್ದರೆ ತಡದ ನಷ್ಟಕ್ಕೆ ಪರಿಹಾರ ಕೇಳುವಂತಿಲ್ಲ. ಜಾಗ ಕೊಡುವ ಹೊಣೆ ಇಲಾಖೆಯದು. ಜಾಗ ತಡವಾಗಿ ತೆಗೆದುಕೊಳ್ಳುವವರು ನೀವು. ಹಾಗಾಗಿ ನೋಟಿಸ್ ನಿಮ್ಮಿಂದಲೇ ಹೋಗಬೇಕು, ಅವತ್ತೇ ಹೋಗಬೇಕು. ವಿಸ್ತರಣೆ ಅರ್ಜಿಯಲ್ಲೇ ಹೀಗೆ ಬರೆಯಿರಿ: "ಇಲಾಖೆಯ ಕಾರಣದಿಂದಾದ ವಿಳಂಬದ ಅವಧಿಗೆ ಕರಾರಿನಂತೆ ಬೆಲೆ ಹೊಂದಾಣಿಕೆ ಮತ್ತು ನಷ್ಟ ಪರಿಹಾರ ಪಡೆಯುವ ಹಕ್ಕನ್ನು ಕಾಯ್ದಿರಿಸಿ ಈ ವಿಸ್ತರಣೆಯನ್ನು ಕೋರಲಾಗಿದೆ."

ಎರೆಭೂಮಿ

ವಕೀಲ ಸಾಹೇಬ್ರ, ಷರತ್ತೇ ಇಲ್ಲದ ಕರಾರಾಗಿದ್ರ? 11 ತಿಂಗಳ ಕೆಲಸ, ಬೆಲೆ ಏರಿಕೆ ಇಲ್ಲ ಅಂತ ಸ್ಪಷ್ಟ ಬರದಾರ. ಕಬ್ಬಿಣ ಎರಡು ಪಟ್ಟು ಆದ್ರೂ ಕೋರ್ಟ್ ಕೊಡೂದಿಲ್ಲೇನು?

ವಕೀಲ_ಧಾರವಾಡಪೀಠ

ದರ ಏರಿತು ಎಂಬ ಒಂದೇ ಕಾರಣಕ್ಕೆ ಕೊಡುವುದಿಲ್ಲ. ಅಲೋಪಿ ಪರ್ಷಾದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1960ರಲ್ಲೇ ಇದನ್ನು ಹೇಳಿದೆ. ಅದು ಸೈನ್ಯಕ್ಕೆ ತುಪ್ಪ ಒದಗಿಸುವ ವ್ಯವಹಾರ, ಎರಡನೇ ಮಹಾಯುದ್ಧದ ಕಾಲ. ನಿರೀಕ್ಷಿಸದಷ್ಟು ಪರಿಸ್ಥಿತಿ ಬದಲಾಯಿತೆಂದು ಒಪ್ಪಿದ ದರ ಬಿಟ್ಟು ಬೇರೆ ದರ ಕೇಳುವಂತಿಲ್ಲ ಎಂದಿತು. ಕರಾರು ಅಧಿನಿಯಮದ 56ನೇ ಸೆಕ್ಷನ್, ಅಂದರೆ ಕರಾರು ನಡೆಸುವುದೇ ಅಸಾಧ್ಯವಾಯಿತು ಎಂಬುದು, ನಷ್ಟ ಆಗುತ್ತದೆ ಎಂಬುದಕ್ಕೆ ಅನ್ವಯಿಸುವುದಿಲ್ಲ.

ಆದರೆ ತಡವು ಇಲಾಖೆಯಿಂದ ಆಗಿ, 11 ತಿಂಗಳ ಕೆಲಸ 26 ತಿಂಗಳಿಗೆ ಹೋದರೆ ಮಾತು ಬೇರೆ. ಪಿ.ಎಂ. ಪಾಲ್ ಪ್ರಕರಣ, 1989. ಭಾರತ ಆಹಾರ ನಿಗಮ ವಿರುದ್ಧ ಎ.ಎಂ. ಅಹಮದ್ ಪ್ರಕರಣ, 2006. ಎರಡರಲ್ಲೂ ಕಾಲ ಸರಿದಂತೆ ದರ ಏರುವುದು ಸಹಜ, ತಡಕ್ಕೆ ಕಾರಣರಾದವರು ಅದನ್ನು ಭರಿಸಬೇಕು ಎಂಬ ನಿಲುವು ಇದೆ. ಅಂದರೆ ಅಲ್ಲಿ ಕೇಳುವುದು ಬೆಲೆ ಹೊಂದಾಣಿಕೆ ಅಲ್ಲ, ಕರಾರು ಭಂಗದ ನಷ್ಟ, ಅದೇ ಅಧಿನಿಯಮದ 73ನೇ ಸೆಕ್ಷನ್ ಅಡಿ. ಅಲ್ಲಿ ಅಂಗಡಿ ಬಿಲ್ಲುಗಳು ಬೇಕೇ ಬೇಕು. ಹಾಗಾಗಿ ಸೂತ್ರದ ಕರಾರಾದರೂ ಬಿಲ್ಲುಗಳನ್ನು ಎಸೆಯಬೇಡಿ. "ಯಾವ ಕಾರಣದಿಂದ ತಡವಾದರೂ ಪರಿಹಾರ ಇಲ್ಲ" ಎಂಬ ನಿಷೇಧದ ಷರತ್ತು ಇದೆಯೇ ಎಂಬುದನ್ನೂ ನೋಡಿ, ಅದಿದ್ದರೆ ವಾದ ಕಠಿಣ.

ಕ್ಯೂಎಸ್_ಬೆಳಗಾವಿ

ಷರತ್ತು ಇಲ್ಲದ ಸಣ್ಣ ಅವಧಿಯ ಕೆಲಸಕ್ಕೆ ಏರಿಕೆಯನ್ನು ದರದಲ್ಲೇ ಹಾಕಿಕೊಳ್ಳಬೇಕು. ಕಬ್ಬಿಣದ ಪಾಲು ಶೇ. 22, ಅವಧಿಯಲ್ಲಿ ಶೇ. 12 ಏರಬಹುದು ಅನ್ನಿಸಿದರೆ ಮೇಲ್ಮಿತಿ ಶೇ. 2.64. ಖರೀದಿ ಅವಧಿಯುದ್ದಕ್ಕೂ ಸಮನಾಗಿ ಹಂಚಿದ್ದರೆ ಅದರ ಅರ್ಧ, ಶೇ. 1.32. ಕಬ್ಬಿಣವನ್ನು ಮೊದಲೇ ತಂದು ಹಾಕಬಹುದು, ಆದರೆ ಎರೆಮಣ್ಣಿನ ಮೇಲೆ ನೇರವಾಗಿ ಅಲ್ಲ. ಕಟ್ಟಿಗೆಯ ದಿಮ್ಮಿ ಇಟ್ಟು ಮೇಲೆ ಹೊದಿಸಿ. ಸಿಮೆಂಟಿಗೆ ಈ ಉಪಾಯ ಮಾಡಬೇಡಿ. 90 ದಿನ ದಾಟಿದ ಚೀಲವನ್ನು ಮತ್ತೆ ಪರೀಕ್ಷೆ ಮಾಡಿಸದೆ ಬಳಸುವ ಹಾಗಿಲ್ಲ.

ಡಾಂಬರು_ರಸ್ತೆ

ರಸ್ತೆ ಕೆಲಸದವರಿಗೆ: ಡಾಂಬರಿನ ದರವನ್ನು ತೈಲ ಕಂಪನಿಗಳು ತಿಂಗಳಿಗೆ ಎರಡು ಸಲ, 1 ಮತ್ತು 16ನೇ ತಾರೀಖಿಗೆ ಬದಲಿಸುತ್ತವೆ. ಅನೇಕ ಕರಾರುಗಳಲ್ಲಿ ಲೆಕ್ಕಕ್ಕೆ ಬರುವುದು ತ್ರೈಮಾಸಿಕದ ನಡುವಿನ ತಿಂಗಳ 15ನೇ ತಾರೀಖಿನ ಡಿಪೋ ದರ ಮಾತ್ರ. ಜನವರಿ–ಮಾರ್ಚ್ ಆದರೆ ಫೆಬ್ರವರಿ 15. ನೀವು ಮಾರ್ಚ್ 18ಕ್ಕೆ ಟ್ಯಾಂಕರ್ ಎತ್ತಿದ್ದರೂ ಅದೇ.

ಪರಿಮಾಣ ಅಂದಾಜಿಗೆ: 7 ಮೀ. ಅಗಲ, 40 ಮಿ.ಮೀ. ಬಿ.ಸಿ. (ಬಿಟುಮಿನಸ್ ಕಾಂಕ್ರೀಟ್) ಪದರ, 1 ಕಿ.ಮೀ. ಅಂದರೆ 280 ಘನ ಮೀ. ಘನ ಮೀಟರಿಗೆ 2.35 ಟನ್ ಹಿಡಿದರೆ 658 ಟನ್ ಮಿಶ್ರಣ, ಶೇ. 5.4 ಡಾಂಬರು ಅಂದರೆ ಸುಮಾರು 35.5 ಟನ್. ಟನ್ನಿಗೆ 4,000 ಏರಿದರೆ ಕಿಲೋಮೀಟರಿಗೆ 1.42 ಲಕ್ಷ. ಇಡೀ ಡಾಂಬರೀಕರಣ ಒಂದೇ ತ್ರೈಮಾಸಿಕದಲ್ಲಿ ಮುಗಿಯುತ್ತದೆ, ಡಾಂಬರಿನ ಪಾಲು ಮಾತ್ರ ಇಡೀ ಕರಾರಿಗೆ ಹಂಚಿದ್ದು. ಹಾಗಾಗಿ ಮಣ್ಣು ಕೆಲಸದ ತಿಂಗಳುಗಳಲ್ಲಿ ಬಳಸದ ಡಾಂಬರಿಗೂ ಹೊಂದಾಣಿಕೆ ಬರುತ್ತದೆ, ಡಾಂಬರು ಹಾಕುವಾಗ ಬೇಕಾದಷ್ಟು ಬರುವುದಿಲ್ಲ. ಬಿಡ್ ಪೂರ್ವ ಸಭೆಯಲ್ಲಿ ಡಾಂಬರಿಗೆ ಪರಿಮಾಣ ಆಧಾರಿತ ಲೆಕ್ಕ ಕೇಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ.

ಟಿಳಕವಾಡಿ_ಮನೆ

ಸರ್ಕಾರಿ ಕೆಲಸ ಅಲ್ಲ ನಂದು, ಮನೆ ಕಟ್ಟುವವರ ಕಡೆಯಿಂದ ಕೇಳ್ತೀನಿ. ಎರಡು ಅಂತಸ್ತು, ಒಟ್ಟು 2,400 ಚದರ ಅಡಿ, ಸಾಮಗ್ರಿ ಸಮೇತ ಚದರ ಅಡಿ ದರಕ್ಕೆ ಕೊಡೋದು. "ಕಬ್ಬಿಣ, ಸಿಮೆಂಟ್ ಶೇ. 5ಕ್ಕಿಂತ ಹೆಚ್ಚಾದರೆ ಹೆಚ್ಚುವರಿ ಕೊಡಬೇಕು" ಅಂತ ಕರಡಿನಲ್ಲಿ ಬರೆದಿದ್ದಾರೆ. ಸಹಿ ಹಾಕಬಹುದಾ?

ಕ್ಯೂಎಸ್_ಬೆಳಗಾವಿ

ಹಾಗೇ ಹಾಕಬೇಡಿ ಅಕ್ಕಾವ್ರೆ, ಆ ಒಂದು ಸಾಲಿಗೆ ಎರಡು ಅರ್ಥ ಬರುತ್ತವೆ.

ಚದರ ಅಡಿಗೆ 4 ಕಿಲೋ ಹಿಡಿದರೆ ಕಬ್ಬಿಣ 9,600 ಕಿಲೋ. ಕರಾರಿನ ಮೂಲ ದರ 62, ಖರೀದಿ ದರ 71 ಅನ್ನಿ. ಶೇ. 5 ದಾಟಿದ ಭಾಗ ಮಾತ್ರ ನಿಮ್ಮದಾದರೆ ಮಿತಿ 65.10, ಕಿಲೋಗೆ 5.90, ಒಟ್ಟು 56,640. ಶೇ. 5 ದಾಟಿದರೆ ಪೂರ್ತಿ ವ್ಯತ್ಯಾಸ ಎಂದಾದರೆ ಕಿಲೋಗೆ 9, ಒಟ್ಟು 86,400. ಒಂದು ಶಬ್ದಕ್ಕೆ 29,760 ರೂಪಾಯಿ. ಯಾವುದು ಎಂದು ಉದಾಹರಣೆ ಲೆಕ್ಕದ ಸಮೇತ ಕರಾರಿನಲ್ಲೇ ಬರೆಸಿ.

ಜೊತೆಗೆ ಇವು ಬೇಕು. ಮೂಲ ದರದ ಪಟ್ಟಿ: ಕಬ್ಬಿಣ ಕಿಲೋಗೆ, ಸಿಮೆಂಟ್ ಚೀಲಕ್ಕೆ, ಉಸುಕು ಮತ್ತು ಖಡಿ ಬ್ರಾಸಿಗೆ, ದರ್ಜೆಯ ಸಮೇತ, ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದರ ಸಮೇತ. ಪರಿಮಾಣದ ಮೇಲ್ಮಿತಿ: ಕಬ್ಬಿಣ 9,600 ಕಿಲೋ, ಸಿಮೆಂಟ್ ಸುಮಾರು 1,000 ಚೀಲ. ಹಾಳು ಮಾಡಿದ್ದಕ್ಕೆ ನೀವು ಕೊಡಬೇಕಾಗಿಲ್ಲ. ದರ ಇಳಿದರೆ ನಿಮಗೆ ವಾಪಸ್ ಅನ್ನುವ ಸಾಲು. ಕರಾರಿನ ಅವಧಿ ದಾಟಿ ಗೌಂಡಿಗಳು ಬರದೇ ತಡವಾದ ತಿಂಗಳುಗಳಿಗೆ ಏರಿಕೆ ಇಲ್ಲ ಅನ್ನುವ ಸಾಲು. ಆದರೆ ಕಂತು ಕೊಡುವುದು ನೀವು ತಡ ಮಾಡಿ ಕೆಲಸ ನಿಂತರೆ ಆ ಏರಿಕೆ ನಿಮ್ಮದೇ, ಅದು ನ್ಯಾಯ.

ಜಿಎಸ್‌ಟಿ ಯಾಕೆ ಬರೆಸಬೇಕು ಅಂದರೆ: ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಚೀಲದ ಮೂಲ ಬೆಲೆ 300 ಇದ್ದರೆ 384 ಇದ್ದದ್ದು 354. ಸಾವಿರ ಚೀಲಕ್ಕೆ 30,000. ಜಿಎಸ್‌ಟಿ ಹೂಡುವಳಿ ಜಮೆ (ಖರೀದಿಗೆ ಕಟ್ಟಿದ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಪಡೆಯದ ಗುತ್ತಿಗೆದಾರನಾದರೆ ಈ ಇಳಿಕೆ ನಿಜವಾದ ಉಳಿತಾಯ.

ಬಿಲ್_ಶಾಖೆ_ವಿಜಯಪುರ

ಇದೇ ಮಾತು ಸರ್ಕಾರಿ ಕೆಲಸಕ್ಕೆ ಉಲ್ಟಾ ಐತ್ರಿ. ನೋಂದಾಯಿತ ಗುತ್ತಿಗೆದಾರ ಸಿಮೆಂಟಿನ ಮೇಲಿನ ಜಿಎಸ್‌ಟಿಯನ್ನ ಜಮೆ ತಗೋತಾನ, ಹಿಂಗಾಗಿ 28 ಇದ್ದರೂ 18 ಇದ್ದರೂ ಅವನ ಖರ್ಚು 300 ರೂಪಾಯಿನೇ. 2011-12ರ ಸಗಟು ಸೂಚ್ಯಂಕದಾಗ ಪರೋಕ್ಷ ತೆರಿಗೆ ಸೇರೂದಿಲ್ಲ, ಅದಕ್ಕ ಸೂಚ್ಯಂಕದಾಗೂ ಈ ಇಳಿಕೆ ಕಾಣಸೂದಿಲ್ಲ. ತೆರಿಗೆ ಇಳೀತು ಅಂತ ಹೊಂದಾಣಿಕೆ ತಃಖ್ತೆಯಲ್ಲಿ ಶೇ. 10 ಕಡಿತ ಮಾಡೂದು ತಪ್ಪು ಲೆಕ್ಕ.

ಕೆಲಸದ ಮೇಲಿನ ಜಿಎಸ್‌ಟಿ ಬೇರೆ ಸಂಗತಿ. ಸರ್ಕಾರಿ ಕಾಮಗಾರಿಗೆ ಶೇ. 12 ಇದ್ದದ್ದು 2022ರ ಜುಲೈ 18ರಿಂದ 18 ಆತು. ಆ ಶೇ. 6 ವ್ಯತ್ಯಾಸ ತೆರಿಗೆ ಬದಲಾವಣೆ ಷರತ್ತಿನ ಕೆಳಗೆ. ಹೊಂದಾಣಿಕೆ ಹಣವೂ ಕೆಲಸದ ಮೌಲ್ಯದ ಭಾಗವೇ, ಅದಕ್ಕೂ ಜಿಎಸ್‌ಟಿ ಬೀಳತೈತಿ, ಶೇ. 1 ಕಾರ್ಮಿಕ ಕಲ್ಯಾಣ ಸೆಸ್ಸೂ ಕಡಿತ ಆಗತೈತಿ. 3 ಲಕ್ಷ ಅಂತ ಲೆಕ್ಕ ಹಾಕಿ ಕೈಗೆ 3 ಲಕ್ಷ ಬರತೈತಿ ಅಂತ ತಿಳ್ಕೋಬ್ಯಾಡ್ರಿ.

ಆಲಮಟ್ಟಿ_ಬಲದಂಡೆ

ಇಳಿಕೆಯ ಕಡೆಗೂ ಒಂದು ಎಚ್ಚರಿಕೆ. 2022ರ ಮೇ 22ರಂದು ಉಕ್ಕಿನ ಮೇಲೆ ಶೇ. 15 ರಫ್ತು ಸುಂಕ ಬಂತು, ದೇಶದೊಳಗೆ ದರ ಇಳಿಯಿತು, ನವೆಂಬರ್ 19ಕ್ಕೆ ಸುಂಕ ತೆಗೆದರು. ಏಪ್ರಿಲ್ ಆಸುಪಾಸಿನ ಏರು ದರದಲ್ಲಿ ಮೂಲ ದಿನಾಂಕ ಬಿದ್ದ ಕರಾರುಗಳಿಗೆ ಮುಂದಿನ ತ್ರೈಮಾಸಿಕಗಳಲ್ಲಿ ಕಬ್ಬಿಣದ ಹೊಂದಾಣಿಕೆ ಋಣದಲ್ಲಿ ಹೋಗುವಂಥ ಸ್ಥಿತಿ. ಋಣ ಬಂದ ತ್ರೈಮಾಸಿಕದ ತಃಖ್ತೆಯನ್ನು ಕೊಡದೇ ಬಿಟ್ಟರೆ ಅದು ಅಂತಿಮ ಬಿಲ್ಲಿನಲ್ಲಿ ಒಟ್ಟಿಗೆ ಬಂದು ಠೇವಣಿಯನ್ನೇ ನುಂಗುತ್ತದೆ. ಆಯಾ ತ್ರೈಮಾಸಿಕದಲ್ಲೇ ಕೊಡಿ.

ಜಮಖಂಡಿ_ಸಿವಿಲ್

ಎಲ್ಲರಿಗೂ ಧನ್ಯವಾದ. ಟೆಂಡರ್ ಪುಟ ತಗದು ನೋಡಿದೆ. ನಂದು ಸೂತ್ರದ ಷರತ್ತೇ, ಪಾಲು ಕ್ಯೂಎಸ್ ಸರ್ ಹಿಡಿದಂಗ ಐತಿ, ಮೂಲ ದಿನಾಂಕ ಟೆಂಡರ್ ತೆರೆಯುವ 28 ದಿನ ಮೊದಲು. ಹಂಗಾದ್ರ 80 ಲಕ್ಷಕ್ಕ 3,09,400 ಅಂತ ಬರದು ಕೊಡಲೇನು? 80ರೊಳಗ 6 ಲಕ್ಷ ಹೆಚ್ಚುವರಿ ಐಟಂ ಅದಾವ, ಹೊಸ ದರಕ್ಕ ಮಂಜೂರಾಗ್ಯಾವ. ಕಬ್ಬಿಣದ ದಾಸ್ತಾನಿನ ಮ್ಯಾಲೆ ಈ ತ್ರೈಮಾಸಿಕದಾಗ 5 ಲಕ್ಷ ಭದ್ರತಾ ಮುಂಗಡ ತಗೊಂಡೀನಿ, 2 ಲಕ್ಷ ಮುರ್ಕೊಂಡಾರ.

ಬಿಲ್_ಶಾಖೆ_ವಿಜಯಪುರ

80 ಅಲ್ಲರಿ ಹಂಗಾದ್ರ. ಹೊಸ ದರದ ಐಟಮಿಗೆ ಈಗಿನ ಬೆಲೆ ಆಗಲೇ ಸಿಕ್ಕೈತಿ, ಅದರ ಮ್ಯಾಲೆ ಮತ್ತ ಹೊಂದಾಣಿಕೆ ಇಲ್ಲ: 6 ಕಳೀರಿ. ಭದ್ರತಾ ಮುಂಗಡ ಸೇರಿಸಬೇಕು ಅಂತ ನಿಮ್ಮ ಷರತ್ತಿನಾಗ ಇದ್ದರ, ಕೊಟ್ಟದ್ದು 5, ಮುರಿದದ್ದು 2, ಉಳಿದ 3 ಕೂಡಿಸ್ರಿ. ಒಟ್ಟು 77 ಲಕ್ಷ. ಲಕ್ಷಕ್ಕ 3,867.50ರಂತೆ 2,97,798 ಆಗತೈತಿ. ಸೂಚ್ಯಂಕದ ಅಂಕಿ ಮಾತ್ರ ನಿಮ್ಮ ತಿಂಗಳದ್ದು ಹಾಕ್ರಿ, ಮೇಲಿನವು ಉದಾಹರಣೆಗೆ ಹಿಡಿದವು. ಮುಂದಿನ ತ್ರೈಮಾಸಿಕದಾಗ ಆ 3 ಲಕ್ಷ ಮುರ್ಕೊಂಡಾಗ ಅಲ್ಲಿ ಕಳೆಯೂದು ಮರೀಬ್ಯಾಡ್ರಿ, ಎರಡು ಸಲ ಎಣಿಸಿದಂಗ ಆಗತೈತಿ.

ಕ್ಯೂಎಸ್_ಬೆಳಗಾವಿ

ಜಮಖಂಡಿ ಸರ್, ಇನ್ನೊಂದು. ಐಟಂನ ಪರಿಮಾಣ ಟೆಂಡರಿಗಿಂತ ಶೇ. 25 ಮೀರಿ, ಮೀರಿದ ಭಾಗಕ್ಕೆ ದರ ಹೊಸದಾಗಿ ನಿಗದಿ ಆಗಿದ್ದರೆ ಆ ಭಾಗವೂ 6 ಲಕ್ಷದ ಹಾಗೇ ಹೊರಗೆ ಹೋಗಬೇಕು. ಶೇ. 25ರ ಒಳಗಿನದು ಟೆಂಡರ್ ದರದ್ದೇ, ಅದು ಒಳಗೇ ಇರಲಿ. ತಃಖ್ತೆಯಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಎಂ.ಬಿ. ಪುಟ ಸಂಖ್ಯೆ ಹಾಕಿ ತೋರಿಸಿ ಕೊಡಿ.